ಗೋಣಿಚೀಲದ ಏಸಿ ಮತ್ತು ದೊಡ್ಡಪ್ಪನ ಸೀಲು

ಮೊನ್ನೆ ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ರ ಟೀ ಕುಡೀತಾ ನಿಂತಿದ್ದೆ. ರಸ್ತೆ ತಿರುವಿನಿಂದ ನನ್ನದೇ ದನಿ ಬೆಳ್ಳುಳ್ಳಿ ಮಾರಿಕೊಂಡು ಬಂತು.

"ಅಕ್ಕಾ, ಅಮ್ಮಾ, ಅಜ್ಜೀ! ಬೆಳ್ಳುಳ್ಳಿ ಬಂತು ಬೆಳ್ಳುಳ್ಳಿ! ನಾಟಿ ಬೆಳ್ಳುಳ್ಳಿ, ಘಾಟಿನ ಬೆಳ್ಳುಳ್ಳಿ! ಒಗ್ಗರಣೆ ಹಾಕಿದ್ರೆ ಪಕ್ಕದ ಮನೆಯವರು ತಟ್ಟೆ ಹಿಡ್ಕೊಂಡು ಬರಬೇಕು!"

ಹಿಂದೆ ಗಾಡಿ, ಗಾಡಿ ಮೇಲೆ ಮೈಕು, ಗಾಡಿ ಒಳಗೆ ನಾಗಣ್ಣ. ಎರಡು ವರ್ಷದಿಂದ ಗುಬ್ಬಿ, ತುಮಕೂರು, ಕುಣಿಗಲ್ ಮೂರೂ ಕಡೆ ಇದೇ ರೆಕಾರ್ಡು ಹಾಕ್ಕೊಂಡು ಸುತ್ತೋ ಪುಣ್ಯಾತ್ಮ. ಟೀ ಅಂಗಡಿಯವನಿಗೆ ಅದು ನನ್ನ ದನಿ ಅಂತ ಗೊತ್ತಿಲ್ಲ. "ಬಂದ ನೋಡು ಶನಿ, ಕಿವಿ ತೂತು ಮಾಡ್ತಾನೆ" ಅಂದ. ನಾನೂ ಹೌದೌದು ಅಂದೆ. ನನ್ನನ್ನ ಬೈಯೋರ ಜೊತೆ ಸೇರಿಕೊಳ್ಳೋದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದಿಲ್ಲ.

ಆದರೆ ಗಾಡಿ ಎದುರಿಗೆ ಬಂದಾಗ ಇನ್ನೊಂದು ಕೇಳಿಸಿತು. "ಘಾಟಿನ ಬೆಳ್ಳುಳ್ಳಿ" ಅಂದು ಉಸಿರು ತಗೊಳ್ಳೋ ಜಾಗದಲ್ಲಿ, ಹಿಂದೆ ಎಲ್ಲೋ, ಟಪ್. ಸ್ವಲ್ಪ ಬಿಟ್ಟು ಮತ್ತೆ, ಟಪ್. ಒದ್ದೆ ಗೋಣಿಚೀಲದಿಂದ ಸ್ಟೀಲ್ ಬೇಸಿನ್ನಿಗೆ ನೀರು ಬೀಳೋ ಸದ್ದು ಅದು. ಅದನ್ನ ಕೇಳಿದ್ದೇ ತಡ, ಟೀ ಲೋಟದೊಳಗಿಂದ ಒದ್ದೆ ಗೋಣಿಯ ವಾಸನೆ ಬಂದ ಹಾಗಾಯ್ತು. ಗುಬ್ಬಿಯಲ್ಲಿ ದೊಡ್ಡಪ್ಪನ ಮನೆ ಜಗಲಿ, ಆ ಬೇಸಿಗೆ, ಆ ಬೇಸಿಗೆಯಲ್ಲಿ ನಾವು ಮಾಡಿಟ್ಟ ಅನಾಹುತ, ಎಲ್ಲಾ ಬಂತು.

ಆಗ ನಾನು ಓದಿದ್ದು ಬಿ.ಕಾಂ., ಬರ್ತಿದ್ದದ್ದು ಮಿಮಿಕ್ರಿ. ಕಾಲೇಜಲ್ಲಿ ಮೇಷ್ಟರ ದನಿಯಲ್ಲಿ ಹಾಜರಿ ಕೂಗಿ, ನನ್ನ ಹಾಜರಿ ಕೂಗೋದು ಮರೆತು ಸಿಕ್ಕಿಬಿದ್ದವನು ನಾನು. ಕೆಲಸಕ್ಕೆ ಅಂತ ಅರ್ಜಿ ಹಾಕ್ತಾ ಇರುವಾಗಲೇ, ತರಕಾರಿ ಗಾಡಿಯವರಿಗೆ, ಐಸ್‌ಕ್ರೀಮ್ ಗಾಡಿಯವರಿಗೆ, ಗುಜರಿಯವರಿಗೆ ಮೈಕಲ್ಲಿ ಹಾಕೋ ರೆಕಾರ್ಡ್ ಮಾಡಿಕೊಡೋಕೆ ಶುರು ಮಾಡಿದೆ. ಒಂದು ಹಳೇ ಲ್ಯಾಪ್‌ಟಾಪ್, ಒಂದು ಮೈಕು. ಆದರೆ ನಮ್ಮ ಮನೆ ಇರೋದು ಕುಣಿಗಲ್ ಹೈವೇ ಪಕ್ಕ. ಅಲ್ಲಿ ರೆಕಾರ್ಡ್ ಮಾಡಿದ್ರೆ ಪ್ರತಿ ಕೇಜಿ ಈರುಳ್ಳಿಗೂ ಒಂದು ಲಾರಿ ಹಾರ್ನ್ ಫ್ರೀ. ಅದಕ್ಕೇ ಆ ಬೇಸಿಗೆಗೆ ಗಂಟುಮೂಟೆ ಕಟ್ಟಿಕೊಂಡು ಗುಬ್ಬಿಗೆ ಹೋದೆ. ದೊಡ್ಡಪ್ಪನ ಮನೆ ಊರಾಚೆ, ಹಿಂದೆ ತೆಂಗಿನ ತೋಟ. ಮಧ್ಯಾಹ್ನ ಗರಿ ಬಿದ್ದರೆ ಅದೇ ದೊಡ್ಡ ಸುದ್ದಿ.

ದೊಡ್ಡಪ್ಪನ ಬಗ್ಗೆ ಹೇಳಬೇಕು. ಹೆಸರು ರುದ್ರಪ್ಪ. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪೂಜೆಗೆ ಕೂತರೆ ದೇವರನ್ನೂ ಒಂದು ಕಣ್ಣಲ್ಲೇ ನೋಡೋ ಮನುಷ್ಯ. ಇನ್ನೊಂದು ಕಣ್ಣು ಬಾಗಿಲ ಕಡೆ. ಅವರು ಹುಟ್ಟಾ ಹಾಗಿರಲಿಲ್ಲವಂತೆ. ಯಾವುದೋ ಕಾಲದಲ್ಲಿ ಪಂಪ್‌ಸೆಟ್ ಮೋಟಾರ್ ಸುಟ್ಟು ರಿವೈಂಡಿಂಗ್‌ಗೆ ಕೊಟ್ಟಿದ್ದರು. ತಾಮ್ರದ ತಂತಿ ಇದ್ದ ಮೋಟಾರು ಅಲ್ಯೂಮಿನಿಯಂ ತಂತಿ ಸುತ್ತಿಸಿಕೊಂಡು ವಾಪಸ್ ಬಂತು. ಗೊತ್ತಾಗಿದ್ದು ಮೂರು ತಿಂಗಳ ಮೇಲೆ, ಮತ್ತೆ ಸುಟ್ಟಾಗ. ಅವತ್ತಿನಿಂದ ಆ ಮನೆಯಿಂದ ರಿಪೇರಿಗೆ ಹೋಗೋ ಯಾವ ಸಾಮಾನೂ ಗುರುತಿಲ್ಲದೆ ಹೊಸಿಲು ದಾಟಿದ್ದಿಲ್ಲ. ಮಿಕ್ಸಿ ಜಾರಿನ ತಳದಲ್ಲಿ ಮೊಳೆಯಿಂದ ಗೀರು. ಕುಕ್ಕರ್ ವಿಷಲ್ ಮೇಲೆ ಕೆಂಪು ಚುಕ್ಕೆ. ಸೈಕಲ್ ಪಂಕ್ಚರ್‌ಗೆ ಹೋದರೆ ಟ್ಯೂಬಿನ ಮೇಲೆ ಬಾಲ್‌ಪೆನ್ನಲ್ಲಿ ಸಹಿ.

ನನ್ನ ಲ್ಯಾಪ್‌ಟಾಪಿನ ಫ್ಯಾನು ಹಾಳಾಗಿತ್ತು. ಗರಗರ ಅಂತ ರಾಗಿ ಬೀಸೋ ಕಲ್ಲಿನ ಸದ್ದು. ರೆಕಾರ್ಡಲ್ಲೆಲ್ಲ ಅದೇ. ಹೊಸ ಫ್ಯಾನ್ ಹಾಕಿಸೋಕೆ ತುಮಕೂರಿಗೆ ಮಂಜನ ಹತ್ರ ಹೋಗೋಣ ಅಂದೆ.

ಮಂಜ ನಮ್ಮ ಕುಣಿಗಲ್ಲಿನವನೇ, ನಮ್ಮ ಬೀದಿಯವನೇ. ಒಂದನೇ ಕ್ಲಾಸಿಂದ ಒಂದೇ ಬೆಂಚು. ಆರು ವರ್ಷ ಬೇರೆಯವರ ಅಂಗಡೀಲಿ ಸ್ಕ್ರೂ ತಿರುಗಿಸಿ, ಅವತ್ತಿಗೆ ಮೂರು ತಿಂಗಳ ಹಿಂದೆ ತುಮಕೂರಲ್ಲಿ ಒಂದು ಬೇಕರಿ ಮೇಲೆ ಸ್ವಂತ ಅಂಗಡಿ ಇಟ್ಟಿದ್ದ. ಗುಬ್ಬಿ ಕಡೆಯ ಗಿರಾಕಿಗಳನ್ನ ಕಳಿಸ್ತಿದ್ದದ್ದು ನಾನೇ. ಹೊಸ ಅಂಗಡಿ, ಬರೀ ಹೆಸರಿನ ಮೇಲೆ ನಿಂತಿತ್ತು. ಹೆಸರು ಹೋದ್ರೆ ಮತ್ತೆ ಬೇರೆಯವರ ಅಂಗಡಿಯ ಸ್ಕ್ರೂಗಳೇ ಗತಿ.

"ನಿನ್ ಸ್ನೇಹಿತ ಆದ್ರೇನ್ಲಾ? ಮೋಟಾರ್ ರಿವೈಂಡ್ ಮಾಡ್ದೋನೂ ನಂಗೆ ನೆಂಟನೇ ಆಗಿದ್ದ" ಅಂದ್ರು ದೊಡ್ಡಪ್ಪ. "ತೆಗಿ ಅದನ್ನ. ಗುರುತು ಹಾಕಾಣ."

ಬೆಳಗ್ಗೆ ಜಗಲಿ ಮೇಲೆ ಚಾಪೆ ಹಾಸಿ, ಮೊಬೈಲಲ್ಲಿ ಬಿಚ್ಚೋ ವಿಡಿಯೋ ಇಟ್ಕೊಂಡು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದೆ. ದೊಡ್ಡಪ್ಪ ಪಕ್ಕದಲ್ಲಿ ಮಗ್ಗಿ ಪುಸ್ತಕದ ಲೇಬಲ್ಲು ಹಿಡ್ಕೊಂಡು ಕೂತಿದ್ದರು, ಶಾಲೆ ಮಕ್ಕಳು ಪುಸ್ತಕಕ್ಕೆ ಅಂಟಿಸೋ ಅಂಥದ್ದು. ಕತ್ತರಿಸಿ ಕತ್ತರಿಸಿ ಒಂದೊಂದಕ್ಕೂ ರುದ್ರಪ್ಪ ಅಂತ ಸಹಿ. ಬ್ಯಾಟರಿಗೊಂದು, ರ್‍ಯಾಮ್‌ಗೊಂದು, ಡಿಸ್ಕಿಗೊಂದು.

"ಇದ್ರಲ್ಲಿ ಎಲ್ಲಕ್ಕಿಂತ ಬೆಲೆ ಯಾವುದ್ಕಲಾ?"

"ಪ್ರೊಸೆಸರ್ ದೊಡ್ಡಪ್ಪ. ಮೆದುಳು ಇದ್ದಂಗೆ. ಈ ತಾಮ್ರದ ಪಟ್ಟಿ ಕೆಳಗೆ ಐತೆ."

"ಅದಕ್ಕೆ ಮೊದ್ಲು ಹಾಕು."

ತಾಮ್ರದ ಪಟ್ಟಿಯ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದೆ. ಕೆಳಗೆ ಉಗುರಗಲದ ಹೊಳೆಯೋ ಚಿಪ್ಪು, ಅದರ ಮೇಲೆ ಒಣಗಿದ ಸುಣ್ಣದ ಹಾಗೆ ಏನೋ ಬೆಳ್ಳಗೆ. "ಕೊಳೆ ಒರೆಸು" ಅಂದ್ರು ದೊಡ್ಡಪ್ಪ. ಒರೆಸಿದೆ. ಲೇಬಲ್ಲು ಅಂಟಿಸಿದೆ. ಮೇಲೆ ಪಟ್ಟಿ ಕೂರಿಸಿ, ನಾಲ್ಕೂ ಸ್ಕ್ರೂ ತಲೆಗೆ ನೇಲ್ ಪಾಲಿಷ್ ಬಿಟ್ಟೆ. ಯಾರಾದರೂ ಬಿಚ್ಚಿದರೆ ಬಣ್ಣ ಒಡೀಬೇಕು, ಗೊತ್ತಾಗಬೇಕು. ದೊಡ್ಡಪ್ಪ ಅದಕ್ಕೆ ಸೀಲು ಅಂದರು. ಕೆಂಪಗೆ ನಾಲ್ಕು ಸೀಲು ಹೊಳೀತಿದ್ದವು. ನಮ್ಮ ಬುದ್ಧಿವಂತಿಕೆಗೆ ನಮಗೇ ದೃಷ್ಟಿ ಆಗೋ ಹಾಗಿತ್ತು. ಹಾಗೇ ಮುಚ್ಚಿ, ಆನ್ ಕೂಡ ಮಾಡದೆ, ಬಸ್ ಹತ್ತಿ ತುಮಕೂರಿಗೆ ಹೋದ್ವಿ.

ಮಂಜನಿಗೆ ಒಂದು ಚಾಳಿ ಇದೆ. ಏನೇ ಕೇಳಿ, ಮೊದಲು ಗಂಟಲು ಸರಿಮಾಡಿಕೊಂಡು, "ಏನಿಲ್ಲ ಅಣ್ಣ, ಸಣ್ಣದು" ಅಂತಾನೆ. ಕಂಪ್ಯೂಟರ್ ಹೊಗೆ ಬಿಡ್ತಾ ಇದ್ದರೂ ಏನಿಲ್ಲ ಅಣ್ಣ, ಸಣ್ಣದು. ನಾನು ಅದನ್ನ ಸ್ಕೂಲಲ್ಲೇ ಕದ್ದಿದ್ದೆ. ಅವನ ಎದುರೇ ಅವನಾಗಿ ಮಾತಾಡಿದ್ರೆ ಹೊಟ್ಟೆ ಹಿಡ್ಕೊಂಡು ನಗೋನು.

ಅವತ್ತು ಅವನು ಫ್ಯಾನ್ ಬದಲಾಯಿಸೋವಾಗ ದೊಡ್ಡಪ್ಪ ಸ್ಟೂಲ್ ಎಳಕೊಂಡು ಅವನ ಕೈಗಿಂತ ಹತ್ತಿರ ಕೂತರು. ಹೊಸ ಫ್ಯಾನ್ ಹಾಕಿ, ಎರಡು ನಿಮಿಷ ಆನ್ ಮಾಡಿ, ತಾಮ್ರದ ಹತ್ರ ಬೆರಳಿಟ್ಟು ಮಂಜ ಹುಬ್ಬು ಗಂಟು ಹಾಕಿದ.

"ಏನಿಲ್ಲ ದೊಡ್ಡಪ್ಪ, ಸಣ್ಣದು. ಪೇಸ್ಟ್ ಒಣಗಿರಬೇಕು. ಇದೊಂದು ತೆಗೆದು ಹೊಸ ಪೇಸ್ಟ್ ಹಚ್ಚಿಬಿಡ್ಲಾ?"

"ಆ ಸ್ಕ್ರೂ ಮುಟ್ಬ್ಯಾಡ" ಅಂದ್ರು ದೊಡ್ಡಪ್ಪ. ಬಸ್ಸಲ್ಲಿ ಜೇಬಿಗೆ ಕೈ ಹಾಕಿದೋನನ್ನ ಹಿಡಿದ ದನಿ.

ಮಂಜ ಕೆಂಪು ಚುಕ್ಕೆಗಳನ್ನ ನೋಡಿದ, ನನ್ನ ನೋಡಿದ. ನಾನು ಗೋಡೆ ಕ್ಯಾಲೆಂಡರ್ ನೋಡಿದೆ. ಅವನು ಮುಚ್ಚಿ ಕೊಟ್ಟ.

ಮಾರನೇ ದಿನ ಲ್ಯಾಪ್‌ಟಾಪ್ ಹಾಕಿ ಹತ್ತು ನಿಮಿಷಕ್ಕೆ ಕಾದ ಹೆಂಚಾಗಿ, ಫ್ಯಾನ್ ಜೋರಾಗಿ ಕೂಗಿ, ಪಕ್ ಅಂತ ಆಫ್ ಆಯ್ತು. ತಣ್ಣಗೆ ಮಾಡಿ ಮತ್ತೆ ಹಾಕಿದ್ರೂ ಅದೇ.

"ನೋಡ್ದಾ?" ಅಂದ್ರು ದೊಡ್ಡಪ್ಪ. ದುಃಖ ಇರಲಿಲ್ಲ ದನಿಯಲ್ಲಿ. ಕಾಯ್ತಿದ್ದ ನೆಂಟರು ಕೊನೆಗೂ ಬಂದ ಸಮಾಧಾನ ಇತ್ತು. ಬೆನ್ನು ಬಿಚ್ಚಿಸಿದ್ರು. ಬ್ಯಾಟರಿ ಸಹಿ ಇತ್ತು, ರ್‍ಯಾಮ್ ಸಹಿ ಇತ್ತು, ಡಿಸ್ಕಿನದೂ ಇತ್ತು. ನಾಲ್ಕು ಸೀಲೂ ಹಾಗೇ ಇದ್ದವು.

"ಎಲ್ಲಾ ಸರಿಯಾಗೈತಲ್ಲ ದೊಡ್ಡಪ್ಪ."

"ಅದ್ಕೇ ಅನುಮಾನ. ಎಷ್ಟು ಚಾಲಾಕಿ ಇದ್ರೆ ಸೀಲು ಒಡೀದಂಗೆ ಮೆದುಳು ಎತ್ತವ್ನೆ? ಅಲ್ಲೇ ಕೇಳ್ದ ನೋಡು, ಇದೊಂದು ತೆಗೀಲಾ ಅಂತ. ನಡುವೆ ಒಂದ್ ಗಳಿಗೆ ನಾವು ಟಾಯ್ಲೆಟ್ಟಿಗೆ ಹೋಗಿದ್ವಲ್ಲ, ಆಗ ಮಾಡವ್ನೆ. ನೇಲ್ ಪಾಲಿಷ್ ಏನು, ಎಲ್ಲಾ ಅಂಗಡೀಲೂ ಸಿಗ್ತದೆ."

"ಹಂಗಿದ್ರೆ ಬಿಚ್ಚಿ ನೋಡ್ಬಿಡಾಣ. ಲೇಬಲ್ಲು ಇದೆಯೋ ಇಲ್ವೋ."

"ನಾವು ಸೀಲು ಒಡೆದ್ರೆ ನಾಳೆ ಅವ್ನು, ನೀವೇ ಬಿಚ್ಚಿದ್ರಿ ಅಂತಾನೆ. ಸಾಕ್ಷಿ ಹೋಯ್ತದೆ. ಮುಟ್ಬ್ಯಾಡ."

ಇದಕ್ಕೆ ಎದುರುತ್ತರ ಕೊಡೋ ವಕೀಲ ಇನ್ನೂ ಹುಟ್ಟಿಲ್ಲ. ನಿಜ ಹೇಳಬೇಕು ಅಂದ್ರೆ ನಾನು ಉತ್ತರ ಹುಡುಕಲೂ ಇಲ್ಲ. ಮಂಜನಿಗೆ ಫೋನ್ ಮಾಡಿದಾಗ "ತಗೊಂಡು ಬಾರೋ, ನೋಡಿ ಕೊಡ್ತೀನಿ" ಅಂದ. ಅದೂ ನನಗೆ ಅನುಮಾನವಾಗಿ ಕೇಳಿಸ್ತು. ಯಾಕೆ ಅಷ್ಟು ಅವಸರ ಇವನಿಗೆ? ಒಂದೇ ವಾರ ದೊಡ್ಡಪ್ಪನ ಮನೆ ಊಟ ಮಾಡಿದ್ದೆ. ಅನುಮಾನ ಸಾರಿನಲ್ಲೇ ಇತ್ತೋ ಏನೋ.

ರಿಪೇರಿಗೆ ಕಳಿಸೋ ಹಾಗಿಲ್ಲ, ಬಿಚ್ಚೋ ಹಾಗಿಲ್ಲ. ಉಳಿದದ್ದು ಹೊರಗಿಂದ ತಣ್ಣಗೆ ಮಾಡೋದು. ಟೇಬಲ್ ಫ್ಯಾನ್ ಇಟ್ಟರೆ ಅದರ ಸದ್ದು ಮೈಕಿಗೆ ಬರುತ್ತೆ, ಇಡೋಣ ಅಂದ್ರೆ ಮಧ್ಯಾಹ್ನ ಕರೆಂಟೂ ಇರೋಲ್ಲ. ಸದ್ದಿಲ್ಲದೆ, ಕರೆಂಟಿಲ್ಲದೆ ತಣ್ಣಗಾಗಬೇಕು. ಇಂಥ ವಿಷಯದಲ್ಲಿ ಮಾತ್ರ ದೊಡ್ಡಪ್ಪ ಪಂಡಿತರು. ಫ್ರಿಜ್ ಬರೋ ಮುಂಚೆ ಬೆಣ್ಣೆ, ವೀಳ್ಯದೆಲೆ, ಎಳನೀರು ಎಲ್ಲಾ ಬೇಸಿಗೆ ದಾಟಿಸಿದವರು.

ಮೊದಲು ನಾಲ್ಕು ಹೆಂಚಿನ ಚೂರು ಇಟ್ಟು ಲ್ಯಾಪ್‌ಟಾಪನ್ನ ಎತ್ತರಿಸಿದ್ವಿ, ಕೆಳಗೆ ಗಾಳಿ ಆಡಲಿ ಅಂತ. ಹತ್ತು ನಿಮಿಷ ಹದಿಮೂರಾಯ್ತು. ಆಮೇಲೆ ಅಗಲ ಬಾನಿ ತುಂಬ ಮರಳು ತುಂಬಿ, ಮರಳು ನೆನೆಸಿ, ಅದರ ಮೇಲೆ ಒಂದು ತಾಮ್ರದ ತಟ್ಟೆ ಬೋರಲು ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಕೂರಿಸಿದ್ವಿ. ಹದಿನೆಂಟು ನಿಮಿಷ. ಕೊನೆಗೆ ಗೋಣಿಚೀಲ. ಜಗಲಿಯ ತೊಲೆಗೆ ಕಟ್ಟಿ ಬಿಸಿಗಾಳಿ ಬರೋ ಕಡೆ ಇಳಿಬಿಟ್ಟು, ಅದರ ಮೇಲ್ತುದಿ ನೀರಿನ ಬಿಂದಿಗೆಯಲ್ಲಿ ಅದ್ದಿಟ್ವಿ. ಗೋಣಿ ತಾನೇ ನೀರು ಹೀರ್ಕೊಂಡು ಕೆಳಗಿನವರೆಗೂ ನೆನೆಯೋದು, ಹೆಚ್ಚಾದದ್ದು ಕೆಳಗಿಟ್ಟ ಸ್ಟೀಲ್ ಬೇಸಿನ್ನಿಗೆ ಟಪ್ ಟಪ್ ಅಂತ ಬೀಳೋದು. ಗೋಣಿ ದಾಟಿ ಬಂದ ಗಾಳಿ ಕೆರೆ ಏರಿ ಮೇಲಿನ ಗಾಳಿ ಹಾಗೆ ತಣ್ಣಗಿರೋದು. ಇಪ್ಪತ್ತೈದು ನಿಮಿಷ!

ದೊಡ್ಡಪ್ಪ ಬೆನ್ನ ಹಿಂದೆ ಕೈ ಕಟ್ಟಿ ನಿಂತು, "ಇದು ಏಸಿ" ಅಂದ್ರು. ಲ್ಯಾಪ್‌ಟಾಪ್‌ಗೆ ಏಸಿ. ನನಗೆ? ಹೊರಗಿನ ಸದ್ದು ಬರದ ಹಾಗೆ ನಾನು ಮೈಕಿನ ಜೊತೆ ತಲೆ ಮೇಲೆ ಕೌದಿ ಹೊದ್ದು ಕೂತು "ತಾಜಾ ತಾಜಾ ಟೊಮ್ಯಾಟೋ" ಅಂತ ಕೂಗ್ತಾ, ಕೌದಿಯೊಳಗೆ ಟೊಮ್ಯಾಟೋ ಗೊಜ್ಜಾಗ್ತಿದ್ದೆ.

ಈ ನಡುವೆ ದೊಡ್ಡಮ್ಮನ ಪೂಜೆಯ ತಾಮ್ರದ ತಟ್ಟೆ ಕಾಣೆಯಾಗಿತ್ತು. ಮೂರು ದಿನ ಅವರು ಹಾಲಿನವನಿಂದ ಹಿಡಿದು ಕಾಯಿ ಕೀಳೋರವರೆಗೆ ಎಲ್ಲರ ಮೇಲೂ ಅನುಮಾನಪಟ್ಟರು. ನಾಲ್ಕನೇ ದಿನ ಲ್ಯಾಪ್‌ಟಾಪಿನ ಕೆಳಗೆ ಅಂಚು ಕಂಡು, "ಅಯ್ಯೋ ನಿಮ್ ಬಾಯಿಗ್ ಮಣ್ಣಾಕ! ಲಿಂಗಕ್ಕೆ ಅಭಿಷೇಕ ಮಾಡೋ ತಟ್ಟೇಲಿ ಈ ದರಿದ್ರ ಪೆಟ್ಟಿಗೆ ಕೂರಿಸವ್ರೆ!" ಅಂತ ಎಳೆಯೋಕೆ ಬಂದ್ರು.

"ಬುಡೇ ಗೌರಿ, ಅದಕ್ಕೂ ಜ್ವರ ಬಂದೈತೆ" ಅಂದ್ರು ದೊಡ್ಡಪ್ಪ.

"ಜ್ವರ ಬಂದ್ರೆ ಡಾಕ್ಟ್ರಿಗೆ ತೋರಿಸ್ತಾರೆ. ಒದ್ದೆ ಬಟ್ಟೆ ಹಾಕ್ಕೊಂಡು ಕೂರ್ತಾರಾ?" ಅಂದ್ರು ದೊಡ್ಡಮ್ಮ. ಆ ಬೇಸಿಗೆಯಲ್ಲಿ ಆ ಮನೇಲಿ ಆಡಿದ ಒಂದೇ ಒಂದು ಬುದ್ಧಿಯ ಮಾತು ಅದು. ನಾವಿಬ್ಬರೂ ನಕ್ಕುಬಿಟ್ವಿ.

ನಾಗಣ್ಣನ ಬೆಳ್ಳುಳ್ಳಿ ರೆಕಾರ್ಡು ಆಗಿದ್ದು ಆ ಏಸಿ ಮುಂದೇನೇ. ಅವನು ಕೇಳಿ, "ಏನಪ್ಪ ಹಿಂದೆ ಟಪ್ ಟಪ್ ಅಂತೈತೆ?" ಅಂದ. "ಮಾಲು ಫ್ರೆಶ್ ಅಂತ ಎಫೆಕ್ಟ್ ಅಣ್ಣ" ಅಂದೆ. ನಂಬಿಕೊಂಡು ಹೋದ. ಆ ಊರಲ್ಲಿ ನಂಬೋ ಮನುಷ್ಯ ಅವನೊಬ್ಬನೇ ಇದ್ದ.

ಆದರೆ ಒಂದು ವಿಷಯ ನನ್ನನ್ನ ಕೊರೀತಿತ್ತು. ತಾಮ್ರದ ತಟ್ಟೆ ಮುಟ್ಟಿದ್ರೆ ತಣ್ಣಗೆ. ಲ್ಯಾಪ್‌ಟಾಪಿನ ತಳ ಮುಟ್ಟಿದ್ರೂ ತಣ್ಣಗೇ. ಆದರೂ ಆಫ್ ಆಗ್ತಿತ್ತು. ಒಳಗಿನ ಬಿಸಿ ಹೊರಗೆ ಬರ್ತಾನೇ ಇಲ್ಲ. "ಹೊರಗೆ ಸಭ್ಯಸ್ಥ, ಒಳಗೆ ಡೂಪ್ಲಿಕೇಟ್. ನಿನ್ ಸ್ನೇಹಿತನ ಥರಾನೇ" ಅಂದ್ರು ದೊಡ್ಡಪ್ಪ. ಅವರು ಅದನ್ನ ಜಗಲಿ ಮೇಲೆ ಬಿಡಲಿಲ್ಲ. ಕೊಬ್ಬರಿ ಮಂಡಿಯಲ್ಲಿ ಹೇಳಿದ್ರು, ಕ್ಷೌರದಂಗಡಿಯಲ್ಲಿ ಹೇಳಿದ್ರು. "ತುಮಕೂರಲ್ಲಿ ಬೇಕರಿ ಮೇಲೆ ಒಬ್ಬ ಅವ್ನೆ, ಹುಷಾರು."

ನಾನು ಮಾಡಿದ್ದು ಅದಕ್ಕಿಂತ ದೊಡ್ಡದು. ತಟ್ಟೆ ಇಡ್ಲಿ ಹೋಟೆಲಲ್ಲಿ ಒಂದು ಬೆಳಗ್ಗೆ ನಾಲ್ಕು ಜನ ಏನಾಯ್ತಪ್ಪ ನಿನ್ ಲ್ಯಾಪ್‌ಟಾಪು ಅಂತ ಕೇಳಿದ್ರು. ಸುಮ್ಮನೆ ಹೇಳಿದ್ರೆ ಆಗ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಮಂಜನಾದೆ.

"ಏನಿಲ್ಲ ಅಣ್ಣ, ಸಣ್ಣದು. ಒಳಗಿದ್ದದ್ದು ನಾನಿಟ್ಕೊಂಡಿದೀನಿ, ಡಬ್ಬ ನೀವು ತಗೊಂಡು ಹೋಗಿ. ಡಬ್ಬ ಗಟ್ಟಿಯಾಗಿದೆ ಅಣ್ಣ, ರಾಗಿ ತುಂಬಿಡಬಹುದು!"

ಹೋಟೆಲ್ ಹೋಟೆಲೇ ನಕ್ಕಿತು. ಅಡಿಗೆಯವನು ಇಡ್ಲಿ ತಟ್ಟೆ ಹಿಡ್ಕೊಂಡೇ ಹೊರಗೆ ಬಂದು ಇನ್ನೊಂದು ಸಲ ಅಂದ. ಇನ್ನೊಂದು ಸಲ ಮಾಡಿದೆ. ಯಾರೋ ಮೊಬೈಲಲ್ಲಿ ಹಿಡ್ಕೊಂಡ್ರು. ಗ್ರೂಪಿಂದ ಗ್ರೂಪಿಗೆ ಹೋಗಿ, ಹೋಗ್ತಾ ಹೋಗ್ತಾ ಹೋಟೆಲಿನ ನಗು ಕತ್ತರಿಸಿ ಹೋಗಿ, ಬರೀ ದನಿ ಉಳೀತು.

ಹತ್ತು ದಿನಕ್ಕೆ ಮಂಜನ ಫೋನ್ ಬಂತು.

"ಟೇಪು," ಅಂದ. ಸ್ಕೂಲಲ್ಲಿ ನನಗಿಟ್ಟ ಹೆಸರು, ಟೇಪ್‌ರೆಕಾರ್ಡರ್‌ನ ಟೇಪು. "ಚೆನ್ನಾಗಿ ಮಾಡಿದೀಯ ಕಣೋ. ಗಂಟಲು ಕೂಡ ನಂದೇ."

"ಲೇ, ತಮಾಷೆಗೆ ಕಣೋ..."

"ನಮ್ಮವ್ವ ಕೇಳಿದ್ಳು. ಪಕ್ಕದ ಮನೆಯೋರು ಮೊಬೈಲ್ ತಂದು ಕೇಳಿಸವ್ರೆ. ಊಟಕ್ಕೆ ಕೂತಿದ್ದೆ. ಬಂದು ಎದುರಿಗೆ ಕೂತು, 'ಯಾಕ್ ಮಗ ಹಂಗ್ ಮಾಡ್ದೆ? ವಾಪಸ್ ಕೊಟ್ಬುಡು' ಅಂದ್ಳು."

 ಗೋಣಿ ಟಪ್ ಅಂತು. ಹೆತ್ತ ತಾಯಿಗೇ ಗೊತ್ತಾಗದಷ್ಟು ಚೆನ್ನಾಗಿ ಮಾಡಿದೆ ಅಂತ ನನಗೆ ಒಳಗೆಲ್ಲೋ ಒಂದು ಚೂರು ಖುಷಿ ಆಯ್ತು. ಆ ಖುಷಿಯನ್ನ ನಾನು ಇವತ್ತಿಗೂ ಕ್ಷಮಿಸಿಲ್ಲ.

"ಗುಬ್ಬಿಯಿಂದ ಈಗ ಯಾರೂ ಬರ್ತಿಲ್ಲ," ಅಂದ ಮಂಜ. "ಕೊಟ್ಟಿದ್ದೋರೂ ಅರ್ಧದಲ್ಲೇ ವಾಪಸ್ ತಗೊಂಡು ಹೋಗ್ತವ್ರೆ. ನಾಳೆ ಬರ್ತೀನಿ. ನಿಮ್ಮ ದೊಡ್ಡಪ್ಪನ್ನ ಮನೇಲಿರೋಕೆ ಹೇಳು."

ಮಾರನೇ ದಿನ ಮಧ್ಯಾಹ್ನ, ತೆಂಗಿನ ಗರಿ ಕೂಡ ಅಲ್ಲಾಡದ ಬಿಸಿಲಲ್ಲಿ, ಬಂದ. ಸಣ್ಣ ಸ್ಕ್ರೂಡ್ರೈವರ್ ಪೌಚು ಬಿಟ್ಟರೆ ಕೈಯಲ್ಲಿ ಏನಿಲ್ಲ. ದೊಡ್ಡಮ್ಮ ಕೊಟ್ಟ ಮಜ್ಜಿಗೆಯನ್ನ ಪಕ್ಕಕ್ಕಿಟ್ಟ. ಬಾನಿ, ಮರಳು, ತಾಮ್ರದ ತಟ್ಟೆ, ಗೋಣಿ ಎಲ್ಲಾ ಒಂದು ಸುತ್ತು ನೋಡಿದ. ನಗು ಬಂದಿರಬೇಕು, ನಗಲಿಲ್ಲ.

ಚಾಪೆ ಮೇಲೆ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಕೈ ಹಿಂದಕ್ಕೆ ತಗೊಂಡ.

"ದೊಡ್ಡಪ್ಪ, ಈ ಕೆಂಪು ಸೀಲು ಯಾರದು?"

"ನಮ್ದೇ."

"ಒಡೆದಿದೆಯಾ?"

ದೊಡ್ಡಪ್ಪ ಕನ್ನಡಕ ಹಾಕ್ಕೊಂಡು ಬಗ್ಗಿ ನಾಲ್ಕನ್ನೂ ನೋಡಿದ್ರು. "ಇಲ್ಲ. ಆದ್ರೆ ನೇಲ್ ಪಾಲಿಷ್ ಎಲ್ಲಾ ಅಂಗಡೀಲೂ..."

"ಸಿಗ್ತದೆ. ಅದ್ಕೇ ನಾನು ಮುಟ್ಟಲ್ಲ. ನೀವೇ ಬಿಚ್ಚಿ" ಅಂದು ಸ್ಕ್ರೂಡ್ರೈವರನ್ನ ಅವರ ಕಡೆ ತಿರುಗಿಸಿ ಹಿಡಿದ.

ಅಲ್ಲಿವರೆಗೂ ಬೇರೆಯವರ ಕೈಯನ್ನ ಕಾಯ್ತಿದ್ದ ದೊಡ್ಡಪ್ಪ ಮೊದಲ ಸಲ ತಾವೇ ಸ್ಕ್ರೂಡ್ರೈವರ್ ಹಿಡಿದ್ರು. ಒಂದು ಸ್ಕ್ರೂ, ಕೆಂಪು ಪುಡಿ ಉದುರಿತು. ಟಪ್. ಎರಡನೇದು. ಟಪ್. ಹಾಗೇ ನಾಲ್ಕೂ ಬಿಚ್ಚಿದ್ರು.

ತಾಮ್ರದ ಪಟ್ಟಿ ಎತ್ತಿದ್ರು.

ಚಿಪ್ಪಿನ ಮೇಲೆ ಲೇಬಲ್ಲು ಕೂತಿತ್ತು. ಸೀದ ಹಪ್ಪಳದ ಹಾಗೆ ಕಂದಾಗಿ, ಅಂಚು ಮುರುಟಿಕೊಂಡು. ಅದರ ಮೇಲೆ ಇನ್ನೂ ಓದೋ ಹಾಗೆ, ಒಂದು ಅಕ್ಷರ ಕೂಡ ಬಿಡದೆ, ರುದ್ರಪ್ಪ.

"ಏನಿಲ್ಲ ದೊಡ್ಡಪ್ಪ," ಅಂದ ಮಂಜ. ಗಂಟಲು ಸರಿಮಾಡಿಕೊಂಡ. "ಸಣ್ಣದು. ಚಿಪ್ಪಿನ ಬಿಸಿ ಈ ತಾಮ್ರಕ್ಕೆ ದಾಟಬೇಕು, ತಾಮ್ರದಿಂದ ಹೊರಗೆ ಹೋಗಬೇಕು. ಅದಕ್ಕೇ ನಡುವೆ ಪೇಸ್ಟ್ ಹಚ್ಚೋದು. ನೀವು ಪೇಸ್ಟ್ ಒರೆಸಿ ಕಾಗದ ಇಟ್ಟಿದೀರಿ. ಕುದಿಯೋ ಪಾತ್ರೆಗೆ ಕಂಬಳಿ ಸುತ್ತಿ, ಹೊರಗಿಂದ ಬೀಸಣಿಗೆ ಬೀಸಿದಂಗಾಗೈತೆ."

ಅಂದ್ರೆ ಎರಡು ತಿಂಗಳು ನಾವು ಬಾನಿ, ತಟ್ಟೆ, ಗೋಣಿ ಕಟ್ಟಿ ತಣ್ಣಗೆ ಮಾಡ್ತಿದ್ದದ್ದು ನಮ್ಮದೇ ಅನುಮಾನವನ್ನ.  ನಾನು ಯಾರ ದನಿಯಲ್ಲಿ ಮಾತಾಡಬೇಕೋ ಗೊತ್ತಾಗಲಿಲ್ಲ.

ಮಂಜ ಲೇಬಲ್ಲನ್ನ ಉಗುರಲ್ಲಿ ಎಬ್ಬಿಸಿ, ಅಂಟು ಒರೆಸಿ, ಪೌಚಿಂದ ಪೇಸ್ಟ್ ತೆಗೆದು ಹಚ್ಚಿ ಮುಚ್ಚಿದ. ಆನ್ ಮಾಡಿ, ತಾಮ್ರದ ತಟ್ಟೆ ಮೇಲೆ ಇಡದೆ ಬರೀ ಚಾಪೆ ಮೇಲೇ ಬಿಟ್ಟ. ಹತ್ತು ನಿಮಿಷ, ಇಪ್ಪತ್ತು, ಅರ್ಧ ಗಂಟೆ. ಫ್ಯಾನ್ ಇದೆಯೋ ಇಲ್ವೋ ಅನ್ನೋ ಹಾಗೆ ತಿರುಗ್ತಿತ್ತು. ಆಮೇಲೆ ಎದ್ದು ಆ ಕಂದು ಲೇಬಲ್ಲನ್ನ ಜೇಬಿಗೆ ಹಾಕ್ಕೊಂಡ.

"ನಿಮ್ ಲ್ಯಾಪ್‌ಟಾಪಿಂದ ಇದೊಂದು ಪಾರ್ಟು ತಗೊಂಡು ಹೋಗ್ತಾ ಇದೀನಿ ದೊಡ್ಡಪ್ಪ. ಊರಲ್ಲಿ ಹೇಳೋದಾದ್ರೆ ಇದನ್ನ ಹೇಳಿ."

ಮಜ್ಜಿಗೆ ಹಾಗೇ ಇತ್ತು.

ದೊಡ್ಡಪ್ಪ ಅವತ್ತು ಊಟ ಮಾಡಲಿಲ್ಲ. ಸಂಜೆ ನನ್ನ ಕೌದಿಯೊಳಗೆ ತಲೆ ತೂರಿಸಿ, "ಆ ಮೈಕು ಹಾಕು" ಅಂದ್ರು.

"ನಾನೇ ನಿಮ್ಮ ದನೀಲಿ ಚೆನ್ನಾಗಿ..."

"ಮುಚ್ಚು ಬಾಯಿ."

ಅವರೇ ಮಾತಾಡಿದ್ರು. ತುಮಕೂರಿನ ಮಂಜ ನಮ್ಮ ಲ್ಯಾಪ್‌ಟಾಪಲ್ಲಿ ಏನೂ ತೆಗೆದಿಲ್ಲ, ತಪ್ಪು ನಮ್ಮದು, ನಾನು ರುದ್ರಪ್ಪ ಹೇಳ್ತಿದೀನಿ. ನಾಗಣ್ಣನ ಕೈಕಾಲು ಹಿಡಿದು ಬೆಳ್ಳುಳ್ಳಿ ರೆಕಾರ್ಡಿನ ಹಿಂದೆ ಅದನ್ನ ಸೇರಿಸಿದೆ. ಮಾರನೇ ದಿನ ಗುಬ್ಬಿ ಪೂರ್ತಿ ಸುತ್ತಿ ಬಂತು. ಸಂಜೆ ಹೋಟೆಲಿಗೆ ಹೋದ್ರೆ ಜನ ಬೆನ್ನು ತಟ್ಟಿದ್ರು. "ರುದ್ರಪ್ಪನ ದನಿ ಎಷ್ಟ್ ಚೆನ್ನಾಗಿ ಮಾಡಿದ್ಯಲಾ! ತಪ್ಪು ನಮ್ದು ಅಂತ ಆ ಮನುಷ್ಯನ ಬಾಯಲ್ಲಿ ಹೇಳಿಸಿದ್ಯಲ್ಲ, ಅದು ಸೂಪರ್!"

ಅಲ್ಲಪ್ಪ, ಅದು ಅವರೇ, ಆ ಮೊದಲಿನ ಮಂಜನ ದನಿ ನಂದು ಅಂತ ಹೇಳಿದೆ. ಯಾರೂ ನಗಲಿಲ್ಲ. "ಇದ್ಯಾರ ದನಿಲಾ? ಗೊತ್ತಾಗ್ತಿಲ್ವಲ್ಲ" ಅಂದ ಅಡಿಗೆಯವನು. ನನ್ನದೇ ಅದು. ಆ ಹೋಟೆಲಲ್ಲಿ ನಾನು ಅದನ್ನ ಬಳಸಿದ್ದೇ ಇರಲಿಲ್ಲ.

ಮನೆಗೆ ಬಂದು ದೊಡ್ಡಪ್ಪನಿಗೆ ಹೇಳಿದೆ. ಬೆಳಗ್ಗೆ ಎದ್ದು ನೋಡಿದ್ರೆ ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಮದುವೆಗೆ ಉಡೋ ಪಂಚೆ ಉಟ್ಟು, ನಾಗಣ್ಣನ ಪಕ್ಕ ಬೆಳ್ಳುಳ್ಳಿ ಗಾಡೀಲಿ ಕೂತಿದ್ರು. ಕೈಯಲ್ಲಿ ಮೈಕು. ಬೀದಿ ಬೀದಿಯಲ್ಲೂ ಗಾಡಿ ನಿಲ್ಲಿಸಿ, "ನಾನು ರುದ್ರಪ್ಪ. ನಾನೇ. ಅನುಮಾನ ಇದ್ರೆ ಬಂದು ಮುಟ್ಟಿ ನೋಡಿ. ಲೇಬಲ್ಲು ನಂದು, ಅಂಟಿಸಿದ್ದು ನಾವು. ಆ ಹುಡುಗ ಒಂದ್ ಸ್ಕ್ರೂನೂ ಮುಟ್ಟಿಲ್ಲ." ಪ್ರತಿ ಸಲ ಮುಗಿದ ಮೇಲೆ ನಾಗಣ್ಣ ಮೆಲ್ಲಗೆ, "ದೊಡ್ಡೋರೇ, ಈಗ ಬೆಳ್ಳುಳ್ಳಿ ಹಾಕ್ಲಾ?" ಅನ್ನೋನು. ಇಬ್ಬರು ಮೂವರು ನಿಜವಾಗಲೂ ಬಂದು ಮುಟ್ಟಿ ನೋಡಿದ್ರಂತೆ. ಗುಬ್ಬಿ ಜನ.

ಗಿರಾಕಿಗಳು ಮಂಜನ ಹತ್ರ ಒಬ್ಬೊಬ್ಬರಾಗಿ ವಾಪಸ್ ಹೋದ್ರು. ಎಲ್ಲರೂ ಅಲ್ಲ. ಅಂಗಡಿ ಉಳೀತು. ಅವನ ಜೊತೆ ನನ್ನ ಮಾತು ಮಾತ್ರ ಹಬ್ಬಕ್ಕೊಂದು, ಹುಣ್ಣಿಮೆಗೊಂದು ಅನ್ನೋ ಹಾಗಾಯ್ತು.

ಮೊನ್ನೆ ಟೀ ಅಂಗಡಿ ಮುಂದೆ ಆ ಟಪ್ ಕೇಳಿದಾಗ ಇದೆಲ್ಲ ನೆನಪಾಗಿ, ಮೊಬೈಲ್ ತೆಗೆದು ಮಂಜನಿಗೆ ಫೋನ್ ಮಾಡಿದೆ. ಲ್ಯಾಪ್‌ಟಾಪಿನ ಫ್ಯಾನ್ ಒಂದು ತಿಂಗಳಿಂದ ಮತ್ತೆ ಗರಗರ ಅಂತಿತ್ತು. ಕೇಳೋಕೆ ಮುಖ ಇರಲಿಲ್ಲ.

"ಮಂಜ, ನಾನು ಕಣೋ."

"ಯಾರ ದನಿ ಇದು?"

"ನನ್ನದೇ."

"ಗುರುತೇನು?"

ನಾಗಣ್ಣನ ಗಾಡಿ ತಿರುಗಿಸಿಕೊಂಡು ಮತ್ತೆ ನನ್ನ ಎದುರಿಗೆ ಬರ್ತಿತ್ತು. ಫೋನನ್ನ ಅದರ ಮೈಕಿನ ಕಡೆ ಹಿಡಿದೆ. ನಾಟಿ ಬೆಳ್ಳುಳ್ಳಿ, ಘಾಟಿನ ಬೆಳ್ಳುಳ್ಳಿ. ಟಪ್. ಟಪ್.

 "ಇನ್ನೂ ಅದೇ ಹಾಕ್ಕೊಂಡು ಓಡಾಡ್ತಾವ್ನಾ ನಾಗಣ್ಣ?" ಅಂದ. ಆಮೇಲೆ, "ಫ್ಯಾನ್ ಹೋಗೈತೆ ಅಲ್ವಾ? ನೀನು ಸುಮ್ನೆ ಫೋನ್ ಮಾಡೋನಲ್ಲ. ತಗೊಂಡು ಬಾ. ಎರಡು ದಿನ ಬಿಟ್ಟು ಹೋಗಬೇಕು. ಎದುರಿಗೆ ಕೂರೋ ಹಂಗಿಲ್ಲ."

ಮಾರನೇ ದಿನ ಹೊರಡೋವಾಗ ದೊಡ್ಡಪ್ಪನ ಫೋನು. ನಮ್ಮಪ್ಪ ಹೇಳಿರಬೇಕು. "ರಿಪೇರಿಗಂತೆ? ಗುರುತು ಹಾಕಿದ್ಯಾ?"

"ಇಲ್ಲ ದೊಡ್ಡಪ್ಪ."

ಕೆಮ್ಮಿದ್ರು. ಏನೋ ಹೇಳೋಕೆ ಹೊರಟು ನುಂಗಿದ್ದು ಕೇಳಿಸ್ತು. "ಹಾಕ್ಬ್ಯಾಡ, ಬುಡು" ಅಂದು ಇಟ್ಟುಬಿಟ್ರು.

ಬೇಕರಿ ಮೇಲಿನ ಅಂಗಡೀಲಿ ಮಂಜನ ಮೇಜಿಗೆ ಗಾಜು ಹಾಸಿದಾನೆ. ಗಾಜಿನ ಕೆಳಗೆ ಆ ಕಂದು ಲೇಬಲ್ಲು. ನನ್ನ ಲ್ಯಾಪ್‌ಟಾಪನ್ನ ಸರಿಯಾಗಿ ಅದರ ಮೇಲೇ ಇಟ್ಟ, ಬೇಕಂತಲೇ. ರಸೀದಿ ಕೇಳಲಿಲ್ಲ ನಾನು, ಅವನೂ ಕೊಡಲಿಲ್ಲ. ಖಾಲಿ ಬ್ಯಾಗು ಹೆಗಲಿಗೆ ಹಾಕ್ಕೊಂಡು ಮೆಟ್ಟಿಲು ಇಳಿದೆ. ರಸ್ತೆ ದಾಟೋವರೆಗೂ ತಡ್ಕೊಂಡೆ. ದಾಟಿದ ಮೇಲೆ ಆಗಲಿಲ್ಲ, ಒಂದೇ ಒಂದು ಸಲ ತಿರುಗಿ ಮೇಲೆ ನೋಡಿದೆ.

ಕಿಟಕಿಯಲ್ಲಿ ಮಂಜ ನಿಂತಿದ್ದ. ನಾನು ತಿರುಗಿ ನೋಡ್ತೀನೋ ಇಲ್ವೋ ಅಂತ ನೋಡೋಕೆ.